ಅತ್ತೆ ಕೊಟ್ಟ ಕಿಮೋನೊದ ಬಿಳಿ ದಾರ

ಬೆಳಿಗ್ಗೆ ಒಂಬತ್ತಕ್ಕೆ ಚಿಹಾರುವಿನ ಫೋನಿಗೆ ಗಂಡನ ಊರು ಕೊಮಾತ್ಸುವಿನಿಂದ ಅತ್ತೆಯ ಸಂದೇಶ ಬಂತು. "ಒಂದು ಗಂಟೆಗೆ ಬರ್ತೀನಿ. ನಾನು ಕೊಟ್ಟ ಕಿಮೋನೊ ನೋಡ್ಬೇಕು." ಅಷ್ಟೇ. ಚಿಹಾರು ಕಪಾಟಿನ ಕಡೆ ಓಡಿದಳು.

ಐದು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ ಅತ್ತೆ ಕಿನುಯೊ ಕೊಟ್ಟ ರೇಷ್ಮೆ ಕಿಮೋನೊ ಅದು. ಈ ಸೊಸೆಗೆ ಅಡುಗೆ ಅಷ್ಟಕ್ಕಷ್ಟೆ, ಮೂಲಂಗಿ ಉಪ್ಪಿನಕಾಯಿ ಹಾಕಲು ಬಾರದು, ಹೊಸವರ್ಷಕ್ಕೆ ಊರಿಗೆ ಹೋದರೂ ಹತ್ತು ಗಂಟೆಗೆ ಮುಂಚೆ ಏಳುವುದಿಲ್ಲ. ಅತ್ತೆಯ ಕಣ್ಣಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಒಂದೇ ಮಾತಿನ ಮೇಲೆ ನಿಂತಿತ್ತು: "ನಿಮ್ಮ ಕಿಮೋನೊ ಉಟ್ಕೊಂಡು ವಾರವಾರ ಅತಿಥಿಗಳಿಗೆ ಚಹಾ ಕೊಡೋ ವಿಧಿ ಕಲಿಯೋಕೆ ಹೋಗ್ತೀನಿ ಅತ್ತೆ." ಕಿನುಯೊ ಅದನ್ನು ಬಂಧುಬಳಗಕ್ಕೆಲ್ಲ ಹೇಳಿಕೊಂಡು ತಿರುಗಿದ್ದರು. ಚಿಹಾರು ವಾರವಾರ ಹೋಗುತ್ತಿದ್ದುದು ಈಜು ಕಲಿಯಲು.

ಕಪಾಟಿನ ತಳದಿಂದ ಕಾಗದದ ಹೊದಿಕೆ ಎಳೆದು ಬಿಚ್ಚಿದಳು. ತೋಳಿಗೆ, ಅಂಚಿಗೆ, ಎಲ್ಲ ಕಡೆ ಕಚ್ಚಾ ಹೊಲಿಗೆಯ ಬಿಳಿ ದಾರ ಹಾಗೇ ಇತ್ತು. ಮೊದಲ ಸಲ ಉಡುವ ಮುಂಚೆ ಕಿತ್ತು ತೆಗೆಯಬೇಕಾದ ದಾರ ಅದು. ಕಿಮೋನೊ ಒಂದು ದಿನವೂ ಮೈಮೇಲೆ ಬಂದಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಕೆಳಗಿನ ಮನೆಯ ತೊಕಿವಾ-ಸಾನ್ ಮೂವತ್ತು ವರ್ಷ ಮದುವೆ ಮಂಟಪವೊಂದರಲ್ಲಿ ಹೆಣ್ಣುಮಕ್ಕಳಿಗೆ ಕಿಮೋನೊ ಉಡಿಸಿ ನಿವೃತ್ತಿಯಾದವರು. ಚಿಹಾರು ಅವರ ಬಾಗಿಲು ಬಡಿದಳು. ಎದುರು ಮನೆಯ ಮುರಾಸೆ-ಸಾನ್‌ಗೆ ಯಾರೂ ಹೇಳಿರಲಿಲ್ಲ, ಆದರೂ ಅವರು ಕತ್ತರಿಯ ಸಮೇತ ಬಂದರು.

"ಅತ್ತೆಗೆ ಸುಳ್ಳು ಹೇಳಿದ್ಯಾ? ಐದು ವರ್ಷ?" ಎಂದು ತೊಕಿವಾ-ಸಾನ್ ವಿಚಾರಣೆ ಶುರು ಮಾಡುವಷ್ಟರಲ್ಲಿ ಮುರಾಸೆ-ಸಾನ್ ಸರಸರನೆ ದಾರ ಎಳೆಯತೊಡಗಿದ್ದರು.

"ಅಯ್ಯೋ, ಕತ್ತುಪಟ್ಟಿದನ್ನ ಕೀಳ್ಬೇಡಿ. ಅದು ಅಲಂಕಾರಕ್ಕೆ ಹಾಕಿದ ಹೊಲಿಗೆ, ಅದು ಇರ್ಬೇಕು," ಎಂದು ತೊಕಿವಾ-ಸಾನ್ ಕೂಗಿದರು.

"ಕಿತ್ತಾಯ್ತಲ್ಲ," ಎಂದರು ಮುರಾಸೆ-ಸಾನ್. "ಬಿಳಿ ದಾರ ಕೀಳು ಅಂದ್ರಿ, ಕಿತ್ತೆ. ಅದರಲ್ಲಿ ಜಾತಿ ಬೇರೆ ಇದೆ ಅಂತ ಯಾರಿಗೆ ಗೊತ್ತು?"

ಚಿಹಾರುವಿಗೆ ಅಳು ಬಂತು. ಗಂಡನಿಗೆ ಫೋನ್ ಮಾಡಿದಳು. ಯುಸಾಕು ಕಚೇರಿಯಿಂದ ಪಿಸುಗುಟ್ಟಿದ: "ನಿಜ ಹೇಳ್ಬಿಡು." ಇಂಥ ಸಲಹೆ ಕೊಡಲು ಗಂಡನೇ ಬೇಕೇ ಎಂದುಕೊಂಡು ಅವಳು ಫೋನ್ ಇಟ್ಟಳು.

ಹನ್ನೊಂದು ಗಂಟೆ. ದಾರ ಹೋಯಿತು, ಆದರೆ ಕಿಮೋನೊ ಇನ್ನೂ ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು.

"ಐದು ವರ್ಷ ಉಟ್ಟಿದ್ದು ಹೀಗಿರುತ್ತಾ?" ಎಂದರು ತೊಕಿವಾ-ಸಾನ್. "ಗಂಟೆಗಟ್ಟಲೆ ಮಂಡಿಯೂರಿ ಚಹಾ ವಿಧಿ ಕಲಿಯೋಳ ಕಿಮೋನೊ ಅಂದ್ರೆ ಮಂಡಿ ಹತ್ರ ನಲುಗಿರ್ಬೇಕು, ಕತ್ತುಪಟ್ಟಿಗೆ ಪೌಡರ್ ಹತ್ತಿರ್ಬೇಕು. ನಿನ್ನ ಅತ್ತೆ ಮೊದಲು ಅದನ್ನೇ ನೋಡ್ತಾರೆ. ಉಡು."

ಉಡಿಸಿದರು. ಸೊಂಟಕ್ಕೆ ಸುತ್ತುವ ಅಗಲ ಪಟ್ಟಿ ಓಬಿಯನ್ನು ಎಷ್ಟು ಬಿಗಿದರೆಂದರೆ ಚಿಹಾರುವಿಗೆ ಉಸಿರು ಅರ್ಧಕ್ಕೇ ನಿಂತಿತು. ಮಂಡಿ ನಲುಗಲೆಂದು ಮುಕ್ಕಾಲು ಗಂಟೆ ಕಾಲು ಮಡಚಿ ಕೂರಿಸಿದರು. ಕಾಲು ಜೋಮು ಹಿಡಿದು ಏಳಲು ಹೋದವಳು ಮುಗ್ಗರಿಸಿ ಮುರಾಸೆ-ಸಾನ್ ಮೇಲೆ ಬಿದ್ದಳು. ಅಂಚಿಗೆ ಧೂಳು ಹತ್ತಲೆಂದು ಬೀದಿ ತುದಿಯ ಅಂಗಡಿಯವರೆಗೆ ಎರಡು ಸಲ ನಡೆಸಿದರು. ದಾರಿಯಲ್ಲಿ ಅಪರಿಚಿತ ಅಜ್ಜಿಯೊಬ್ಬರು ತಡೆದು, "ಕತ್ತುಪಟ್ಟಿ ಇನ್ನೂ ಹಿಂದಕ್ಕಿರ್ಬೇಕು ಕಣಮ್ಮ," ಎಂದು ಹಿಡಿದೆಳೆದು ಸರಿಮಾಡಿಯೇ ಬಿಟ್ಟರು. ಮನೆಗೆ ಬಂದರೆ ಮುರಾಸೆ-ಸಾನ್ ಚಹಾ ಬಟ್ಟಲು ಹಿಡಿದು ಕಾದಿದ್ದರು. "ಒಂದೇ ಹನಿ," ಎಂದವರ ಕೈ ತಪ್ಪಿ ಅರ್ಧ ಬಟ್ಟಲು ತೋಳಿನ ಮೇಲೆ ಹೋಯಿತು. ಹನ್ನೆರಡೂ ಮುಕ್ಕಾಲಿಗೆ ಆ ಕಿಮೋನೊ ಮೂರು ತಲೆಮಾರು ಬಾಳಿದಂತೆ ಕಾಣುತ್ತಿತ್ತು. ನೆರೆಯವರಿಬ್ಬರೂ ತೃಪ್ತಿಯಿಂದ ಮನೆಗೆ ಹೋದರು.

ಬಾಗಿಲ ಕರೆಗಂಟೆ ಸದ್ದಾಯಿತು. ಕಿನುಯೊ ಒಳಬಂದು ಚಪ್ಪಲಿ ಬಿಡುತ್ತಲೇ ಸೊಸೆಯನ್ನು ನೋಡಿ ನಿಂತುಬಿಟ್ಟರು. ಕತ್ತುಪಟ್ಟಿ ಮುಟ್ಟಿದರು. ಮಂಡಿಯ ನಲುಗು ನೋಡಿದರು. ತೋಳಿನ ಕಲೆಯ ಮೇಲೆ ಬೆರಳಾಡಿಸಿದರು. ಅವರ ಕಣ್ಣು ತುಂಬಿ ಬಂತು. ಗೆದ್ದೆ ಎಂದುಕೊಂಡಳು ಚಿಹಾರು.

"ನಿಜವಾಗ್ಲೂ ಉಟ್ಟಿದ್ಯಲ್ಲೇ," ಎಂದು ಕಿನುಯೊ ಅಲ್ಲೇ ಕುಸಿದು ಕುಳಿತರು. "ಅದು ನನ್ನ ಅತ್ತೆ ನನಗೆ ಕೊಟ್ಟಿದ್ದು. ನಾನು ಒಂದು ದಿನಾನೂ ಉಡ್ಲಿಲ್ಲ. ದಾರಾನೂ ಕೀಳದೆ ನಿನಗೆ ದಾಟಿಸಿದ್ದೆ. ಈ ಭಾನುವಾರ ನನ್ನ ತಮ್ಮನ ಮಗಳ ಮದುವೆ. ಅವಳಿಗೆ ಯಾರೂ ಮುಟ್ಟದ ರೇಷ್ಮೆ ಕಿಮೋನೊ ಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟೆ. ಚಹಾ ಗಿಹಾ ಅಂತ ನೀನು ಹೇಳೋದೆಲ್ಲ ಸುಳ್ಳಾಗಿರ್ಲಿ ಅಂತ ರೈಲಲ್ಲಿ ದಾರಿಯುದ್ದಕ್ಕೂ ದೇವರನ್ನ ಬೇಡ್ಕೊಂಡು ಬಂದೆ ಕಣೇ."

ಓಬಿಯ ಬಿಗಿಗೆ ಬಗ್ಗಲಾಗದೆ, ಚಿಹಾರು ನಿಂತಲ್ಲಿಂದಲೇ ಕರವಸ್ತ್ರ ಚಾಚಿದಳು.

ಕಿನುಯೊ ಮೂಗು ಒರೆಸಿಕೊಂಡರು. "ಹೋಗ್ಲಿ ಬಿಡು, ತಪ್ಪು ನಿನ್ನದಲ್ಲ. ತಿರುಗು ನೋಡೋಣ." ಬೆನ್ನ ಹಿಂದಿನ ಓಬಿಯ ಗಂಟು ನೋಡಿ ಅವರ ಮುಖ ಅರಳಿತು. "ಎಷ್ಟು ಚೆನ್ನಾಗಿ ಕಟ್ಟಿದ್ಯಾ. ಈಗ ನಮ್ಮಲ್ಲಿ ಒಬ್ಬರಿಗೂ ಇದು ಬರಲ್ಲ. ಭಾನುವಾರ ಉಡಿಸೋಕೆ ಹೊರಗಿನವರನ್ನ ಕರೀಬೇಡಿ, ನನ್ನ ಸೊಸೆ ಬರ್ತಾಳೆ ಅಂತ ಈಗಲೇ ಹೇಳ್ಬಿಡ್ತೀನಿ. ಮದುಮಗಳನ್ನೂ ಸೇರಿಸಿ ಒಂಬತ್ತು ಜನ. ಒಬ್ಬೊಬ್ಬರಿಗೆ ಅರ್ಧ ಗಂಟೆ ಸಾಕಾಗುತ್ತಾ?"

ಚಿಹಾರು ಅತ್ತೆಯ ಕಣ್ಣುಗಳನ್ನು ನೋಡಿದಳು. ಐದು ವರ್ಷದಲ್ಲಿ ಮೊದಲ ಸಲ ಅವುಗಳಲ್ಲಿ ಇಷ್ಟು ಹೆಮ್ಮೆ ಕಾಣುತ್ತಿತ್ತು. ನಿಜ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದಳು.

"ಅಷ್ಟೆಲ್ಲ ಯಾಕೆ ಅತ್ತೆ," ಎಂದಳು. "ಕಾಲು ಗಂಟೆ ಸಾಕು."