ಕ್ಯಾಲ್ಸಿಯಂ ಡಬ್ಬಿಯೊಳಗಿನ ಗುಟ್ಟು

ನೀವು ಯಾವತ್ತಾದರೂ ಮಾತ್ರೆಗೆ ಕಳ್ಳ ಹೆಸರು ಇಟ್ಟಿದ್ದೀರಾ? ನಾನು ಇಟ್ಟಿದ್ದೆ, ಪೂರ್ತಿ ಎರಡು ವರ್ಷ. ಖಿನ್ನತೆಗೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಶೀಟಿನಿಂದ ಬಿಡಿಸಿ, ಕ್ಯಾಲ್ಸಿಯಂನ ಖಾಲಿ ಡಬ್ಬಿಗೆ ತುಂಬಿ, ನಿಟ್ಟುವಳ್ಳಿಯ ನಮ್ಮ ಮನೆಯ ಫ್ರಿಜ್ಜಿನ ಮೇಲೆ ರಾಜಾರೋಷವಾಗಿ ಇಟ್ಟಿದ್ದೆ. ಮೂಳೆ ಸವೆದರೆ ಮರ್ಯಾದೆ ಹೋಗುವುದಿಲ್ಲ ನೋಡಿ.

ನಾನು ಹರಿಹರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದೇ ರಾಸಾಯನಿಕಗಳ ಮೂಲಕ ಎಂದು ಬೋರ್ಡ್ ತುಂಬ ಬರೆದವಳು. ಆದರೆ ಹಲ್ಲುಜ್ಜುವ ಬ್ರಷ್ ಎತ್ತುವುದೂ ಗ್ಯಾಸ್ ಸಿಲಿಂಡರ್ ಎತ್ತಿದಂತೆ ಆದ ದಿನಗಳಲ್ಲಿ ಆ ವಿದ್ಯೆ ಎಲ್ಲಿ ಹೋಗಿತ್ತೋ! "ಯಾವ ಕೆಮಿಕಲ್ ಎಷ್ಟು ಕಮ್ಮಿ ಐತೆ ಹೇಳ್ರಿ" ಎಂದು ಡಾಕ್ಟರಿಗೇ ವೈವಾ ತೆಗೆದುಕೊಂಡೆ. ಅವರು ನಕ್ಕು, "ಮೇಡಂ, ಮಿದುಳು ಸಾರಿನ ಪಾತ್ರೆ ಅಲ್ರಿ, ಉಪ್ಪು ಕಮ್ಮಿ ಆತು ಅಂತ ಒಂದು ಚಮಚ ಹಾಕಾಕೆ. ಮಾತ್ರೆನೂ ತಗೊಳ್ರಿ, ಮಾತಾಡಾಕೂ ಬರ್ರಿ" ಎಂದರು. ಎರಡನ್ನೂ ಮಾಡಿದೆ. ನಿಧಾನವಾಗಿ ಬ್ರಷ್ಷು ಬ್ರಷ್ಷಿನ ತೂಕಕ್ಕೆ ಬಂತು.

ಮೊನ್ನೆ ಭಾನುವಾರ ಶಾಮನೂರಿನಿಂದ ನನ್ನ ಗಂಡನ ಅಕ್ಕ ಪಾರ್ವತಕ್ಕ ಬಂದಿದ್ದರು. ನಮ್ಮ ಕಡೆ ಮಂಡಕ್ಕಿ, ಮೆಣಸಿನಕಾಯಿ ತಟ್ಟೆ ಮುಂದೆ ಕೂತರೆ ಬಿಪಿ, ಶುಗರ್, ಥೈರಾಯ್ಡ್ ಎಲ್ಲವೂ ಹೆಮ್ಮೆಯಿಂದ ಮಾತಿಗೆ ಬಂದು ಕೂರುತ್ತವೆ. "ಮಂಡಿ ಬಾಳ ನೋಯ್ತಾವೆ ಸುಮಾ, ನಿನ್ನ ಕ್ಯಾಲ್ಸಿಯಂ ಒಂದು ತಗೊಂತೀನಿ" ಎಂಬ ದನಿ ಕೇಳಿ ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಮಾತ್ರೆ ಅವರ ತುಟಿ ಹತ್ತಿರವಿತ್ತು. ಸುಮ್ಮನಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು. ಅವರ ಬಿಪಿ ಮಾತ್ರೆಯ ಜೊತೆ ಸೇರಿ ಅದು ಏನು ಮಾಡುತ್ತಿತ್ತೋ ದೇವರೇ ಬಲ್ಲ.

"ನಿಲ್ರಿ ಅಕ್ಕ! ಅದು ಕ್ಯಾಲ್ಸಿಯಂ ಅಲ್ಲ, ನನ್ನ ಖಿನ್ನತೆ ಮಾತ್ರೆ!"

ಪಾರ್ವತಕ್ಕ ಮಾತ್ರೆ ಹಿಡಿದ ಕೈಯನ್ನು ಕೆಳಗಿಳಿಸಿದರು.

"ಅಯ್ಯ, ನಿಂಗೇನ್ ಕಮ್ಮಿ ಆಗೈತೆ? ಗಂಡ ಒಳ್ಳೇನು, ನೌಕ್ರಿ ಐತೆ."

"ನಿಮಗೆ ಥೈರಾಯ್ಡ್ ಬಂದಾಗ ನಿಮ್ಮ ಗಂಡ ಕೆಟ್ಟೋರಾಗಿದ್ರೇನ್ರಿ?"

"ಆ ಮಾತ್ರೆ ಬ್ಯಾಡ. ಬೆಳಿಗ್ಗೆ ಎದ್ದು ವಾಕಿಂಗ್ ಮಾಡು, ಎಲ್ಲಾ ಸರಿ ಹೋಗ್ತೈತೆ."

"ಆತು, ನೀವೂ ಬಿಪಿ ಮಾತ್ರೆ ಬಿಟ್ಟು ಬರ್ರಿ. ಇಬ್ರೂ ಕೂಡಿ ನಡೆಯೋಣ."

"ಬಾಯಿ ಬಾಳ ಆಗೈತೆ ನಿಂದು!"

"ಮಾತ್ರೆ ಕೆಲಸ ಮಾಡ್ತೈತೆ ಅಂತಾತಲ್ರಿ!"

ಪಾರ್ವತಕ್ಕ ಮಾತ್ರೆಯನ್ನು ಡಬ್ಬಿಗೆ ಹಾಕಿ, ಮುಚ್ಚಳವನ್ನು ಎರಡು ಸಲ ತಿರುಗಿಸಿ ಬಿಗಿ ಮಾಡಿದರು.

ಈಗ ನನ್ನ ಮಾತ್ರೆ ತನ್ನದೇ ಶೀಟಿನಲ್ಲಿ, ತನ್ನದೇ ಹೆಸರಿನಲ್ಲಿ, ಅದೇ ಫ್ರಿಜ್ಜಿನ ಮೇಲಿದೆ. ನೋಡಿ ಮುಜುಗರಪಡುವವರು ಗೋಡೆ ನೋಡಬಹುದು. ನನ್ನನ್ನು ಚುಚ್ಚುವುದು ಬೇರೆಯೇ. ಬಾಟಲಿಗೆ ತಪ್ಪು ಲೇಬಲ್ ಅಂಟಿಸಿದ ವಿದ್ಯಾರ್ಥಿಗಳನ್ನು ಇಷ್ಟು ವರ್ಷ ಲ್ಯಾಬಿನ ಹೊರಗೆ ನಿಲ್ಲಿಸಿದವಳು ನಾನೇ.

ನಿಮ್ಮ ಮನೆಯಲ್ಲಿ ಯಾವ ಮಾತ್ರೆ ಯಾವ ಡಬ್ಬಿಯಲ್ಲಿ ಅಡಗಿ ಕೂತಿದೆ? ಕೆಳಗೆ ಬರೆಯಿರಿ. ಹೆಸರು ಬದಲಿಸಿ ಬರೆದರೂ ಬೈಯುವುದಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ.