ನಲವತ್ತು ಗ್ರಾಂ

ಶಾಲೆಯ ಮೊದಲ ಗಂಟೆ ಹೊಡೆಯುವ ಮೊದಲೇ ಪ್ರಯೋಗಾಲಯದ ತಕ್ಕಡಿ ಕೆಟ್ಟ ಸುದ್ದಿ ಹೇಳಿತು. ರೋಬೋಟಿನ ತೂಕ ಐದು ಕೆಜಿ ನಲವತ್ತು ಗ್ರಾಂ. ಸ್ಪರ್ಧೆಯ ಸಣ್ಣ ವರ್ಗಕ್ಕೆ ಮಿತಿ ಐದೇ ಕೆಜಿ. ಸಂಜೆ ನಾಲ್ಕಕ್ಕೆ ತೂಕದ ಪರೀಕ್ಷೆ.

ಭೂಪಟದ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ತಕ್ಕಡಿಗೆ ದಾಕ್ಷಿಣ್ಯವಿರಲಿಲ್ಲ.

ಅವರು ಪಾಠ ಮಾಡುವುದು ಭೂಗೋಳ. ವಿಜ್ಞಾನದ ಟೀಚರ್ ಹೆರಿಗೆ ರಜೆಗೆ ಹೋದ ದಿನ ಭೂಪಟ ಕಂಕುಳಲ್ಲಿಟ್ಟುಕೊಂಡು ಹೆಡ್‌ಮಿಸ್ ಕೋಣೆಯ ಮುಂದೆ ಹಾದುಹೋದದ್ದೇ ಅವರ ತಪ್ಪು. "ನೀವು ಬಿಡುವಾಗೇ ಇದ್ದೀರಲ್ಲ" ಎಂದು ಹೆಡ್‌ಮಿಸ್ ರೋಬೋಟ್ ತಂಡವನ್ನು ಅವರ ತಲೆಗೆ ಕಟ್ಟಿದ್ದರು. ಅಲ್ಲಿಂದ ಐದು ತಿಂಗಳು ಮೇಷ್ಟ್ರಿಗೇ ಪಾಠ ಮಾಡಿದವರು ತಂಡದ ಇಬ್ಬರು ಹುಡುಗಿಯರು. ಒಬ್ಬಳು ಪ್ರೋಗ್ರಾಂ ಬರೆಯುವ ಕ್ಯಾಪ್ಟನ್. ಇನ್ನೊಬ್ಬಳು ಸದಾ ಅರ ಹಿಡಿದು ಲೋಹ ಉಜ್ಜುತ್ತಿದ್ದ ಎಂಟನೇ ಕ್ಲಾಸಿನ ಹುಡುಗಿ. ಅರ ಹಿಡಿದವಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಅರಗಿಣಿ. ಮಾತಿನಲ್ಲಿ ಮಾತ್ರ ಗಿಣಿಯ ಕಾಲುಭಾಗವೂ ಇಲ್ಲ. ಚೆಂಡು ಹಿಡಿದು ಬುಟ್ಟಿಗೆ ಹಾಕಬೇಕಾದ ರೋಬೋಟಿನ ಮೂರು ಬೆರಳುಗಳನ್ನು ಉಜ್ಜಿ ಉಜ್ಜಿ ಮಾಡಿದವಳು ಅವಳೇ.

"ನಲವತ್ತು ಗ್ರಾಂ ಯಾವ ಲೆಕ್ಕ?" ಎಂದು ಒಳಬಂದರು ಡ್ರಿಲ್ ಮೇಷ್ಟ್ರು. "ನನ್ನ ಓಟದ ಮಕ್ಕಳಿಗೆ ವಾರದಲ್ಲಿ ಎರಡು ಕೆಜಿ ಇಳಿಸಿದ್ದೀನಿ."

"ಇದು ಊಟ ಮಾಡಲ್ಲ ಸಾರ್" ಅಂದಳು ಕ್ಯಾಪ್ಟನ್.

"ಹಾಗಾದ್ರೆ ತೂತು ಕೊರೀರಿ!"

ತಳದ ತಗಡಿಗೆ ತೂತು ಕೊರೆದರು. ಹನ್ನೆರಡು ಗ್ರಾಂ ಇಳಿಯಿತು. ಮೇಷ್ಟ್ರು ಉಸಿರುಬಿಡುವಷ್ಟರಲ್ಲಿ ಹೆಡ್‌ಮಿಸ್ ಬಂದರು.

"ಇದೇನ್ರೀ, ಜರಡಿ ಥರ ಕಾಣ್ತಿದೆ! ನಾಲ್ಕು ಜನ ನೋಡೋ ವಸ್ತು. ಚೆನ್ನಾಗಿ ಒಂದು ಕೈ ಬಣ್ಣ ಹೊಡೀರಿ."

"ಮೇಡಂ, ತೂಕ..."

"ಬಣ್ಣಕ್ಕೆಂಥ ತೂಕ?"

ಮೂಗಿಗಿಂತ ಮೂಗುತಿ ಭಾರವಾಯಿತು. ನೀಲಿ ಬಣ್ಣ ಒಣಗಿದ ಮೇಲೆ ತಕ್ಕಡಿ ನಲವತ್ತಾರು ಗ್ರಾಂ ಹೆಚ್ಚು ತೋರಿಸಿತು. ಹೆಡ್‌ಮಿಸ್ ಮೀಟಿಂಗಿಗೆ ಹೋದದ್ದು ಖಚಿತವಾದ ಕೂಡಲೇ ಮೇಷ್ಟ್ರು, ಹುಡುಗಿಯರು ಮೂವರೂ ಕೂತು ಬಣ್ಣ ಕೆರೆದರು. ಅತ್ತ ಡ್ರಿಲ್ ಮೇಷ್ಟ್ರು, "ಇಷ್ಟೊಂದು ಸ್ಕ್ರೂ ಯಾಕೆ ಬೇಕು?" ಎನ್ನುತ್ತ ಒಂದು ಬಿಟ್ಟು ಒಂದು ಬಿಚ್ಚತೊಡಗಿದರು. ಪರೀಕ್ಷೆಗೆಂದು ಕಾರಿಡಾರಿನಲ್ಲಿ ಓಡಿಸಿದರೆ ಬಲಗಡೆಯ ಚಕ್ರ ಕಳಚಿ ತನ್ನ ಪಾಡಿಗೆ ತಾನು ಉರುಳಿ ಏಳನೇ ಕ್ಲಾಸಿನೊಳಗೆ ಹೋಗಿ ಕೂತಿತು. ಎಲ್ಲ ಸ್ಕ್ರೂಗಳೂ ಮರಳಿ ತಮ್ಮ ಜಾಗ ಸೇರಿದವು. ಡ್ರಿಲ್ ಮೇಷ್ಟ್ರು ಮೈದಾನ ಸೇರಿದರು.

ಮೂರು ಗಂಟೆ. ಇನ್ನೂ ಮೂವತ್ತು ಗ್ರಾಂ.

ಮೇಷ್ಟ್ರ ಕಣ್ಣು ಮೂರನೆಯ ಬೆರಳಿನ ಮೇಲೆ ನಿಂತಿತು. ಅದನ್ನು ನೋಡಿದ ಕ್ಯಾಪ್ಟನ್, "ಬೇಡ ಸಾರ್. ಎರಡೇ ಬೆರಳಲ್ಲಿ ಚೆಂಡು ನಿಲ್ಲಲ್ಲ" ಅಂದಳು.

"ಒಳಗೇ ಬಿಡದಿದ್ರೆ ಚೆಂಡು ಎಲ್ಲಿ ಬಂತಮ್ಮ?"

ಅರಗಿಣಿ ತಾನೇ ಸ್ಕ್ರೂಡ್ರೈವರ್ ತೆಗೆದುಕೊಂಡು ಬೆರಳು ಬಿಚ್ಚಿದಳು. ಅಂಚನ್ನು ಒಮ್ಮೆ ಸವರಿ ನೋಡಿ ಮೇಷ್ಟ್ರ ಕೈಗಿಟ್ಟಳು. ಮೂವತ್ತೊಂದು ಗ್ರಾಮಿನ ಆ ತುಂಡು ಅವರ ಜೇಬಿನಲ್ಲಿ ಕಲ್ಲಿನಂತೆ ಜಗ್ಗಿತು.

ನಾಲ್ಕಕ್ಕೆ ಸ್ಪರ್ಧೆಯ ಸಭಾಂಗಣ. ತೂಕದ ಮೇಜಿನ ಹಿಂದಿದ್ದ ಹೆಂಗಸು ರೋಬೋಟನ್ನು ಇಟ್ಟು ಓದಿದರು: "ನಾಲ್ಕು ಕೆಜಿ ಒಂಬೈನೂರ ತೊಂಬತ್ತೊಂಬತ್ತು. ಪಾಸ್." ಪುಸ್ತಕದಲ್ಲಿ ಬರೆದು ಸೀಲ್ ಒತ್ತಿದರು.

ಬೀಸೋ ದೊಣ್ಣೆ ತಪ್ಪಿದ ಸಂತೋಷಕ್ಕೆ ಮೇಷ್ಟ್ರ ನಾಲಿಗೆ ಸಡಿಲವಾಯಿತು. "ಬೆಳಿಗ್ಗೆ ನಲವತ್ತು ಗ್ರಾಂ ಹೆಚ್ಚಿತ್ತು ಮೇಡಂ. ಮಕ್ಕಳನ್ನ ವಾಪಸ್ ಕಳಿಸಿಬಿಡ್ತೀರೇನೋ ಅಂತ ಜೀವ ಹೋಗಿತ್ತು."

"ವಾಪಸ್ ಯಾಕೆ ಕಳಿಸ್ತೀವಿ?" ಆಕೆಗೆ ಆಶ್ಚರ್ಯ. "ಮಿತಿ ಮೀರಿದ್ರೆ ದೊಡ್ಡ ವರ್ಗಕ್ಕೆ ಹಾಕ್ತೀವಿ, ಅಷ್ಟೇ. ಈ ಸಲ ಅಲ್ಲಿ ಒಂದು ತಂಡಾನೂ ಬಂದಿಲ್ಲ. ನೀವು ಹಾಗೇ ತಂದಿದ್ರೆ ಆಡದೇನೇ ಮುಂದಿನ ಸುತ್ತಿಗೆ ಹೋಗ್ತಿದ್ರಿ. ನಿಯಮದ ಹಾಳೆಯ ಹಿಂದುಗಡೇನೇ ಬರೆದಿದೆ. ತಿರುಗಿಸಿ ನೋಡಲಿಲ್ವಾ?"

ಮೇಷ್ಟ್ರು ತಿರುಗಿಸಿರಲಿಲ್ಲ.

"ಸಣ್ಣ ವರ್ಗದಲ್ಲಿ ಎಷ್ಟು ತಂಡ?" ಕ್ಯಾಪ್ಟನ್ ಕೇಳಿದಳು.

"ಮೂವತ್ತೊಂದು."

ಮೇಷ್ಟ್ರು ಜೇಬಿನಿಂದ ಬೆರಳು ತೆಗೆದರು. "ಇದನ್ನ ಈಗ ಹಾಕಿಬಿಟ್ರೆ?"

"ಸೀಲ್ ಬಿತ್ತಲ್ಲ ಸಾರ್, ಇನ್ನು ಬದಲಾಯಿಸೋ ಹಾಗಿಲ್ಲ" ಎಂದು ಆಕೆ ಪುಸ್ತಕ ತೋರಿಸಿದರು.

ಹೊರಗಿನ ಮೆಟ್ಟಿಲ ಮೇಲೆ ಮೇಷ್ಟ್ರು ಕುಸಿದು ಕೂತರು. ಹುಡುಗಿಯರ ಮುಖ ನೋಡುವ ಧೈರ್ಯವಾಗಲಿಲ್ಲ. "ನಂದೇ ತಪ್ಪು ಕಣ್ರಮ್ಮಾ" ಅಂದರು.

ಈ ಸಲ ಬಾಯಿ ಬಿಟ್ಟವಳು ಅರಗಿಣಿ.

"ಆಟ ನಾಳೆ ತಾನೇ ಸಾರ್? ಎರಡು ಬೆರಳಲ್ಲಿ ಹಿಡಿಯೋದನ್ನ ಈಗಲೇ ಕಲಿಸೋಣ. ಅವಳು ಪ್ರೋಗ್ರಾಂ ತಿದ್ದಲಿ. ನಾನು ಬೆರಳು ಬಗ್ಗಿಸ್ತೀನಿ."

"ನಾನು?" ಮೇಷ್ಟ್ರು ಆಸೆಯಿಂದ ತಲೆಯೆತ್ತಿದರು.

"ನೀವು ಬಿದ್ದ ಚೆಂಡು ಎತ್ತಿಕೊಡಿ."

ದೀಪ ಹಚ್ಚುವ ಹೊತ್ತಿಗೆ ಅಭ್ಯಾಸದ ಅಂಗಳದಲ್ಲಿ ಮೂವತ್ತು ತಂಡಗಳ ರೋಬೋಟುಗಳು ಚೆಂಡನ್ನು ಎತ್ತಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದವು. ಮೂವತ್ತೊಂದನೆಯ ತಂಡದ ಮೇಷ್ಟ್ರೊಬ್ಬರು ಮೊಣಕಾಲೂರಿ, ಹತ್ತೊಂಬತ್ತನೆಯ ಸಲ, ಬೆಂಚಿನ ಕೆಳಗೆ ತೂರುತ್ತಿದ್ದರು.