ಒಂದೂ ಗೋಲು ಕಾಣದ ಐತವಾರಗಳು

ಕೆಲವರು ಮದುವೆಗೆ ಹೋದರೆ ಚಪ್ಪಲಿ ಕಳೆಯುತ್ತದೆ. ಕೆಲವರು ಹತ್ತಿದ ಬಸ್ಸೇ ಪಂಕ್ಚರ್ ಆಗುತ್ತದೆ. ನಾನು ಫುಟ್‌ಬಾಲ್ ನೋಡಲು ಹೋದರೆ, ನಾನು ಬೇರೆ ಕಡೆ ನೋಡುತ್ತಿರುವಾಗಲೇ ಗೋಲಾಗುತ್ತದೆ. ಒಮ್ಮೆ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ನನಗೆ ಮೇಲಿಂದ ಮೇಲೆ ಆಗುತ್ತಲೇ ಇದೆ.

ಜಮಖಂಡಿಯಲ್ಲಿ ನನ್ನದೊಂದು ಚಷ್ಮಾ ಅಂಗಡಿ. ಐತವಾರ ರಜೆ. ನಮ್ಮ ಕಡೆ ಜನ ಕುಸ್ತಿ ನೋಡುತ್ತಾರೆ, ಕಬಡ್ಡಿ ನೋಡುತ್ತಾರೆ, ಟೆನಿಸ್ ಬಾಲ್ ಕ್ರಿಕೆಟ್ಟಿಗಂತೂ ಜೀವ ಬಿಡುತ್ತಾರೆ. ಫುಟ್‌ಬಾಲ್ ಆಡುವವರು ಅಲ್ಲೊಂದು ಇಲ್ಲೊಂದು ಊರಲ್ಲಿ ಇದ್ದಾರೆ. ಅವರು ಯಾವ ಲೀಗಿಗೂ ಸೇರಿದವರಲ್ಲ, ಅವರ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ. ನನಗೆ ಬೇಕಾದದ್ದು ಅಂಥ ಆಟವೇ. ಟಿ.ವಿ.ಯಲ್ಲಿ ಒಂದು ಗೋಲನ್ನು ಐದು ಸಲ ತೋರಿಸುತ್ತಾರೆ. ಒಂದೇ ಸಲ ಆಗುವ ಗೋಲನ್ನು ನನ್ನ ಕಣ್ಣಿನಿಂದ ಒಮ್ಮೆ ನೋಡಬೇಕು ಎಂಬುದು ನನ್ನ ಆಸೆ. ಅದಕ್ಕಾಗಿ ಪ್ರತಿ ಐತವಾರ ಬೈಕು ಹತ್ತಿ ಒಂದೊಂದು ಊರಿನ ಬಯಲಿಗೆ ಹೋಗುತ್ತೇನೆ.

ಮನೆಗೆ ಬಂದ ಮೇಲೆ ಹೆಂಡತಿ ಎರಡು ಪ್ರಶ್ನೆ ಕೇಳುತ್ತಾಳೆ. “ಎಷ್ಟ ಗೋಲ್ ಆದುವ್ರಿ?” ಇದಕ್ಕೆ ಉತ್ತರ ಕೊಡುತ್ತೇನೆ. “ನೀವು ಎಷ್ಟ ನೋಡಿದ್ರಿ?” ಅನ್ನುವಷ್ಟರಲ್ಲಿ ಕಾಲು ತೊಳೆಯಲು ಬಚ್ಚಲಿಗೆ ಹೋಗಿರುತ್ತೇನೆ.

ಬೀಳಗಿಯ ಸುಸಲಾ

ಮೊದಲು ಹೋದದ್ದು ಬೀಳಗಿಗೆ. ಊರ ಹೊರಗೆ, ಹಿನ್ನೀರಿನ ಕಡೆ ಇಳಿಯುವ ರಸ್ತೆಯ ಪಕ್ಕದಲ್ಲಿ ಒಂದು ಬಯಲು. ಜಾಲಿ ಗಿಡದ ನೆರಳಿಗೆ ಬೈಕು ನಿಲ್ಲಿಸಿ ಕಲ್ಲಿನ ಮೇಲೆ ಕುಳಿತೆ. ಆಟ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಧೋತರ ಉಟ್ಟ ಹಿರಿಯರೊಬ್ಬರು ಬಂದು ಪಕ್ಕಕ್ಕೆ ಕುಳಿತರು.

“ಯಾವೂರ್ರಿ ತಮ್ಮದು?”

“ಜಮಖಂಡಿರಿ.”

“ನಿಮ್ಮವ್ರು ಯಾರರೆ ಆಡಾಕತ್ತಾರೇನು?”

“ಇಲ್ರಿ.”

“ಬೀಗರು?”

“ಯಾರೂ ಇಲ್ರಿ. ಸುಮ್ಮ ಆಟ ನೋಡಾಕ ಬಂದೇನಿ.”

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಬಯಲನ್ನು ನೋಡಿದರು. “ಜಮಖಂಡಿಯಿಂದ, ಇದನ್ನ ನೋಡಾಕ?” ಎಂದು ಕೇಳಿ, ನನ್ನ ಕೈ ಹಿಡಿದು ಎಬ್ಬಿಸಿದರು. “ಮೊದ್ಲ ಮನಿಗೆ ನಡೀರಿ. ಅಷ್ಟ ದೂರದಿಂದ ಬಂದಾವ್ರು ಕಲ್ಲಿನ ಮ್ಯಾಲ ಕುಂತು ಹೋದ್ರಂದ್ರ ಊರಾಗ ನಾವು ಮುಖ ಹೆಂಗ ತೋರಸೂದು?”

ಊಟ ಮಾಡಿಕೊಂಡೇ ಬಂದಿದ್ದೇನೆ ಎಂದೆ. ಆ ಮಾತನ್ನು ನಮ್ಮ ಕಡೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಮನೆ ಬಯಲಿಗೆ ಹತ್ತಿಕೊಂಡೇ ಇತ್ತು, ನಡುವೆ ಒಂದು ಗೋಡೆ ಮಾತ್ರ. ತಟ್ಟೆಯ ತುಂಬ ಒಗ್ಗರಣೆ ಹಾಕಿದ ಚುರಮುರಿಯ ಸುಸಲಾ, ಮೇಲೆ ನಾಲ್ಕು ಮೆಣಸಿನಕಾಯಿ ಭಜಿ ಬಂದವು. ಮೊದಲ ತುತ್ತು ಬಾಯಿಗಿಡುವಾಗ ಗೋಡೆಯಾಚೆ “ಗೋಲ್!” ಎಂದು ಕೂಗು ಎದ್ದಿತು. ನಾನು ಅರ್ಧ ಎದ್ದೆ. ಅವರ ಮನೆಯ ಅಜ್ಜಿ, ನಾನು ಸಂಕೋಚಕ್ಕೆ ಕೈ ತೊಳೆಯಲು ಎದ್ದೆನೆಂದು ತಿಳಿದು ಇನ್ನೊಂದು ಸೌಟು ಸುಸಲಾ ಹಾಕಿದರು. ಎರಡನೆಯ ಕೂಗಿಗೂ ಹೀಗೇ ಆಯಿತು. ಮೂರನೆಯ ಕೂಗಿಗೆ ಏಳುವ ಶಕ್ತಿ ಉಳಿದಿರಲಿಲ್ಲ.

“ಯಜಮಾನ್ರ, ಅಲ್ಲಿ ಗೋಲ್ ಆಗಾಕತ್ತಾವ್ರಿ,” ಎಂದೆ.

ಅವರು ಭಜಿಯ ಬುಟ್ಟಿ ನನ್ನ ಕಡೆ ಸರಿಸಿದರು. “ಗೋಲ್ ವಾರಾವಾರಾ ಆಗ್ತಾವ್ರಿ. ನೀವು ವಾರಾವಾರಾ ಬರ್ತೀರೇನು?”

ಮುಧೋಳದ ಕುರ್ಚಿ

ಮುಧೋಳಕ್ಕೆ ಹೋಗುವಾಗ ನಾನು ಜಾಣನಾಗಿದ್ದೆ. ಯಾರ ಕಣ್ಣಿಗೂ ಬೀಳಬಾರದೆಂದು ಕಬ್ಬಿನ ಟ್ರೇಲರ್ ಒಂದರ ಮರೆಗೆ ನಿಂತೆ. ಆದರೆ ಅವತ್ತು ಅಲ್ಲಿ ಫೈನಲ್ ಮ್ಯಾಚು. ಕರೆದಿದ್ದ ಮುಖ್ಯ ಅತಿಥಿ ಬಂದಿರಲಿಲ್ಲ. ಆಟ ನಡೆಸುತ್ತಿದ್ದ ಕಮಿಟಿಯವರು ಅತಿಥಿಯ ಹಾದಿ ಕಾಯುತ್ತ ರಸ್ತೆಗೆ ಬಂದವರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟ್ರೇಲರ್ ಹಿಂದೆ ನಿಂತಿದ್ದ ನನ್ನನ್ನು ಕಂಡರು. ಎರಡೇ ನಿಮಿಷ. “ಜಮಖಂಡಿಯಿಂದ ಸಾಹೇಬ್ರು ಬಂದಾರ, ಜೋರಾಗಿ ಚಪ್ಪಾಳಿ ಬರ್ಲಿ,” ಎಂದು ಮೈಕಿನಲ್ಲಿ ಕೇಳಿಸಿತು. ಯಾವ ಸಾಹೇಬರು ಎಂದು ಅವರೂ ಕೇಳಲಿಲ್ಲ, ಮಂದಿಯೂ ಕೇಳಲಿಲ್ಲ.

ವೇದಿಕೆ ಆಟದ ಗೆರೆಗೆ ಹತ್ತಿಕೊಂಡೇ ಇತ್ತು. ಅದರ ಮೇಲೆ ಟವೆಲ್ ಹೊದಿಸಿದ ಒಂದು ದೊಡ್ಡ ಕುರ್ಚಿ. ಅದಕ್ಕಿಂತ ಒಳ್ಳೆಯ ಜಾಗ ಆ ಬಯಲಿನಲ್ಲೇ ಇರಲಿಲ್ಲ. ಆದರೆ ಮಂದಿ ಕುಳಿತದ್ದು ವೇದಿಕೆಯ ಈಚೆಗಿನ ದಿಬ್ಬದ ಮೇಲೆ, ಕುರ್ಚಿಯ ಮುಖ ಮಂದಿಯ ಕಡೆಗೆ. ಆಟ ನಡೆಯುತ್ತಿದ್ದದ್ದು ನನ್ನ ಬೆನ್ನ ಹಿಂದೆ. ನಾನು ಮೆಲ್ಲಗೆ ಕುರ್ಚಿ ತಿರುಗಿಸಿದೆ. ಕಮಿಟಿಯ ಸೆಕ್ರೆಟರಿ ಮೆಲ್ಲಗೆ ಅದನ್ನು ಮೊದಲಿನ ಹಾಗೆ ತಿರುಗಿಸಿದ.

“ಮುಖ್ಯ ಅತಿಥಿಗಳು ಮಂದಿಗೆ ಬೆನ್ನ ಕೊಟ್ಟು ಕುಂದ್ರಬಾರ್ದ್ರಿ.”

“ಈಗ ಆಟಕ್ಕ ಬೆನ್ನ ಕೊಟ್ಟೇನಲ್ರಿ?”

“ಆಟ ಏನೂ ತಪ್ಪ ತಿಳ್ಕೊಳ್ಳೂದಿಲ್ರಿ,” ಎಂದ.

ಒಂದೂವರೆ ತಾಸು ನಾನು ಫುಟ್‌ಬಾಲನ್ನು ಮಂದಿಯ ಮುಖದ ಮೇಲೆ ನೋಡಿದೆ. ಎಲ್ಲರ ಕಣ್ಣು ಎಡಕ್ಕೆ ಹೋದರೆ ಚೆಂಡು ಎಡಕ್ಕೆ. ನಾಲ್ಕು ಸಲ ಎಲ್ಲರ ಬಾಯಿ ಒಟ್ಟಿಗೆ ತೆರೆಯಿತು. ಆಮೇಲೆ ವಿಚಾರಿಸಿದಾಗ, ಅದರಲ್ಲಿ ಎರಡು ಗೋಲು, ಒಂದು ಸಲ ಚಡ್ಡಿ ಹರಿದದ್ದು, ಇನ್ನೊಂದು ಸಲ ನಾಯಿ ಬಂದದ್ದು ಎಂದು ಗೊತ್ತಾಯಿತು. ಕೊನೆಗೆ ಶಾಲು ಹೊದಿಸಿ, ಹಾರ ಹಾಕಿ, ಕೈಯಲ್ಲಿ ತೆಂಗಿನಕಾಯಿ ಕೊಟ್ಟು, ಆಟದ ಬಗ್ಗೆ ನಾಲ್ಕು ಮಾತು ಆಡಿರಿ ಎಂದರು. ಎರಡೂ ತಂಡದವರು ಭಾಳ ಛಲೋ ಆಡಿದರು ಎಂದೆ. ಅಷ್ಟಕ್ಕೇ ಚಪ್ಪಾಳೆ ಬಿದ್ದವು.

ಮನೆಯ ಬಾಗಿಲಲ್ಲಿ ಹೆಂಡತಿ ಶಾಲು ನೋಡಿದಳು, ಹಾರ ನೋಡಿದಳು. ಈ ಸಲ ಗೋಲಿನ ಮಾತೇ ತೆಗೆಯಲಿಲ್ಲ. ಬಾಗಿಲು ಹಾಕಿ ಸಣ್ಣ ದನಿಯಲ್ಲಿ ಕೇಳಿದಳು: “ಖರೇ ಹೇಳ್ರಿ. ಎಲೆಕ್ಷನ್‌ಗೆ ನಿಂದ್ರಾವ್ರಿದ್ದೀರೇನು?”

ಚಿಕ್ಕಪಡಸಲಗಿ ಕಡೆಯ ಎಮ್ಮೆ

ಇಷ್ಟಾದ ಮೇಲೆ ನನಗೊಂದು ವಿಷಯ ತಿಳಿಯಿತು. ಆಟ ನೋಡಲು ಬಂದೆ ಎಂದು ಹೇಳುವುದೇ ತಪ್ಪು. ಆಟಕ್ಕೂ ನನಗೂ ಸಂಬಂಧವಿಲ್ಲ ಎನ್ನಬೇಕು. ಮುಂದಿನ ಐತವಾರ ಚಿಕ್ಕಪಡಸಲಗಿಯ ಬ್ಯಾರೇಜಿನ ಆಚೆ, ಹೊಳೆದಂಡೆಯ ಒಂದು ಬಯಲಿಗೆ ಹೋದೆ. ಬೇಕೆಂದೇ ಹಳೆಯ ಅಂಗಿ ಹಾಕಿಕೊಂಡಿದ್ದೆ. ಸೈಡಿಗೆ ನಿಂತ ಸ್ವಲ್ಪ ಹೊತ್ತಿಗೇ ಒಂದು ತಂಡದ ಕ್ಯಾಪ್ಟನ್ ಓಡುತ್ತ ಬಂದ.

“ಯಾಕ ನಿಂತೀರಿ ಕಾಕಾ?”

“ಏನಿಲ್ಲಪಾ. ನಮ್ಮ ಎಮ್ಮಿ ಕಳದೈತಿ. ಹುಡಕಾಕತ್ತೇನಿ. ನೀವು ಆಡ್ರಿ.”

ಇಷ್ಟು ಒಳ್ಳೆಯ ಸುಳ್ಳನ್ನು ನಾನು ಹಿಂದೆಂದೂ ಹೇಳಿರಲಿಲ್ಲ. ಎಮ್ಮೆ ಕಳೆದುಕೊಂಡವನಿಗೆ ಯಾರೂ ಶಾಲು ಹೊದಿಸುವುದಿಲ್ಲ, ಸುಸಲಾ ತಿನ್ನಿಸುವುದಿಲ್ಲ. ಆದರೆ ಕ್ಯಾಪ್ಟನ್ ನಡುಬಯಲಿಗೆ ಹೋಗಿ ಎರಡೂ ಕೈ ಎತ್ತಿದ. ಆಟ ನಿಂತಿತು. “ಲೇ, ಕಾಕಾನ ಎಮ್ಮಿ ಕಳದೈತಂತ! ಬರ್ರಿ ಎಲ್ಲಾರೂ!”

“ಬ್ಯಾಡಪಾ, ನೀವು ಆಡ್ರಿ, ನಾ ಹುಡಕ್ತೇನಿ,” ಎಂದು ನಾನು ಅಂಗಲಾಚಿದೆ.

“ಮನಿ ಎಮ್ಮಿ ಹೋಗೇತಿ, ನಾವು ಚೆಂಡ ಒದಕೋಂತ ನಿಂದ್ರೂದೇನ್ರಿ?”

ಇಪ್ಪತ್ತೆರಡು ಜನ ಚದುರಿದರು. ಆಟದಲ್ಲಿ ಇಲ್ಲದ ಹೊಂದಾಣಿಕೆ ಎಮ್ಮೆ ಹುಡುಕುವುದರಲ್ಲಿ ಇತ್ತು. ಒಂದು ತಂಡ ಕಬ್ಬಿನ ಹೊಲಕ್ಕೆ ನುಗ್ಗಿತು, ಇನ್ನೊಂದು ಹೊಳೆಯ ದಂಡೆ ಹಿಡಿಯಿತು. ರೆಫರಿ ಸೀಟಿ ಊದುತ್ತ ಕಬ್ಬಿನವರ ಹಿಂದೆ ಹೋದ. ಬಣ್ಣ ಯಾವುದು, ಕೋಡು ಹೇಗಿವೆ, ಎಷ್ಟನೆಯ ಸೂಲು ಎಂದು ಕೇಳಿ ಕೇಳಿ ನನ್ನ ಕೈಲಿ ಒಂದು ಪೂರ್ತಿ ಎಮ್ಮೆಯನ್ನೇ ಮಾಡಿಸಿದರು. ನಾನು ಕೂಡ ಇಲ್ಲದ ಎಮ್ಮೆಯನ್ನು ಮೊಣಕಾಲುದ್ದ ಕೆಸರಿನಲ್ಲಿ ಹುಡುಕಿದೆ. ಹೊತ್ತು ಇಳಿಯುವ ಹೊತ್ತಿಗೆ ಅವರು ಮೂರು ಎಮ್ಮೆ ಹಿಡಿದು ತಂದು ಗೋಲ್ ಕಂಬಕ್ಕೆ ಕಟ್ಟಿದರು. “ಇದರಾಗ ನಿಮ್ದು ಯಾವ್ದ್ರಿ?”

ಯಾವುದೂ ಅಲ್ಲ ಎಂದೆ. ಎಲ್ಲರ ಮುಖ ಸಣ್ಣದಾಯಿತು. ನನಗೂ ಖರೆಯೇ ಕೆಟ್ಟದೆನಿಸಿತು. ಕ್ಯಾಪ್ಟನ್ ನನ್ನ ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಹೇಳಿದ.

“ಚಿಂತಿ ಮಾಡಬ್ಯಾಡ್ರಿ ಕಾಕಾ. ಮುಂದಿನ ಐತವಾರ ಮ್ಯಾಚ್ ಕ್ಯಾನ್ಸಲ್ ಮಾಡಿ ಮುಂಜಾನಿಂದನ ಹುಡಕೂಣು.”

ಬನಹಟ್ಟಿಯ ಪೆನಾಲ್ಟಿ

ಕೆಸರು ಕಾಲಿನಲ್ಲಿ ಮನೆಗೆ ಬಂದ ದಿನ ಹೆಂಡತಿ ತೀರ್ಮಾನ ಹೇಳಿದಳು. “ಊರ ಮಂದಿಗೆಲ್ಲಾ ಚಷ್ಮಾ ಹಾಕ್ತೀರಿ. ನಿಮಗ ಒಂದ ಗೋಲ್ ಕಾಣವಲ್ದು. ಬರೂ ಐತವಾರ ನಾನೂ ಬರ್ತೇನಿ. ಒಂದ ಗೋಲ್ ನೀವು ಕಣ್ಣಿಲೆ ನೋಡಿದ್ರಿ ಅಂದ್ರ, ಇನ್ನ ಮ್ಯಾಲ ಎಲ್ಲಿಗರೆ ಹೋಗ್ರಿ, ನಾ ಕೇಳೂದಿಲ್ಲ. ನೋಡ್ಲಿಲ್ಲಂದ್ರ, ಐತವಾರ ಐತವಾರ ನನ್ನ ಕೂಡ ಮಹಾಲಿಂಗಪುರಕ್ಕ, ಅಕ್ಕನ ಮನಿಗೆ.”

ಅವಳ ಅಕ್ಕ ಒಳ್ಳೆಯವರು. ಅಕ್ಕನ ಗಂಡ ಬೋರ್‌ವೆಲ್ ಕೊರೆಸಿದ್ದಾರೆ, ಒಂದೊಂದು ಅಡಿಗೂ ಏನಾಯಿತೆಂದು ಹೇಳುತ್ತಾರೆ. ನಾನು ಇನ್ನೂರು ಅಡಿಯವರೆಗೆ ಕೇಳಿದ್ದೇನೆ, ನೀರು ಬಿದ್ದದ್ದು ಐನೂರಕ್ಕೆ. ಈ ಸಲ ಗೋಲು ನೋಡದೆ ಗತಿ ಇರಲಿಲ್ಲ.

ಬನಹಟ್ಟಿಯಲ್ಲಿ ಆಡುವವರೆಲ್ಲ ಮಗ್ಗದವರು. ಕರೆಂಟ್ ಇದ್ದರೆ ಮಗ್ಗ, ಹೋದರೆ ಫುಟ್‌ಬಾಲ್. ಆ ಐತವಾರ ದಿನವಿಡೀ ಕರೆಂಟ್ ಇರುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ಮೈದಾನ ಮಗ್ಗದ ಶೆಡ್ಡುಗಳ ನಡುವೆಯೇ ಇತ್ತು. ಹೆಂಡತಿಯೊಂದಿಗೆ ಗೋಲಿನ ಪಕ್ಕದಲ್ಲೇ ಜಾಗ ಹಿಡಿದೆ. ಚಹಾ ಬಂತು, ಬೇಡವೆಂದೆ. ಅವಳು ಎರಡೂ ಕಪ್ಪು ಕುಡಿದಳು. ನಾಲ್ಕು ಶೆಡ್ಡಿನ ಮಾಲಕರಾದ ಕಮಿಟಿಯ ಅಧ್ಯಕ್ಷರು ಕೈಯಲ್ಲಿ ಪೇಟದ ಹಾಗೆ ಸುತ್ತಿದ ರುಮಾಲು ಹಿಡಿದು ಬಂದರು. ಸನ್ಮಾನ ಆಟ ಮುಗಿದ ಮೇಲೆ ಎಂದು ಕೈಮುಗಿದೆ. ಕತ್ತು ತಿರುಗಿಸಲಿಲ್ಲ, ಎದ್ದೂ ಹೋಗಲಿಲ್ಲ. ಒಂದು ತಾಸು ಹೀಗೇ ಹೋಯಿತು, ಗೋಲಾಗಲಿಲ್ಲ. ಆಮೇಲೆ, ನಮ್ಮ ಪುಣ್ಯ, ಒಬ್ಬ ಗೋಲಿನ ಹತ್ತಿರ ಚೆಂಡನ್ನು ಕೈಯಿಂದ ತಡೆದ. ಪೆನಾಲ್ಟಿ ಸಿಕ್ಕಿತು.

ಚೆಂಡು ಇಟ್ಟರು. ಒದೆಯುವವನು ಹಿಂದೆ ಸರಿದ. ಕೀಪರ್ ಕೈ ಚಾಚಿದ. ರೆಫರಿ ಸೀಟಿ ಊದಿದ.

ಅದೇ ಕ್ಷಣಕ್ಕೆ ಕರೆಂಟ್ ಬಂತು. ಸುತ್ತಲಿನ ಶೆಡ್ಡುಗಳಲ್ಲಿ ಮಗ್ಗಗಳು ಖಟಖಟ ಎಂದು ಹೊಡೆದುಕೊಳ್ಳತೊಡಗಿದವು. ಒದೆಯುವವನು ಓಡಿದ, ಕೀಪರ್ ಓಡಿದ, ಎರಡೂ ತಂಡ ಓಡಿದವು. ಹತ್ತು ಎಣಿಸುವುದರಲ್ಲಿ ಮೈದಾನದಲ್ಲಿ ಚೆಂಡು, ರೆಫರಿ, ಅಧ್ಯಕ್ಷರು ಮತ್ತು ನಾವಿಬ್ಬರು ಉಳಿದೆವು. ರೆಫರಿಯದು ಹೇರ್ ಕಟಿಂಗ್ ಅಂಗಡಿ, ಅವನಿಗೆ ಕರೆಂಟಿನ ಅವಸರವಿರಲಿಲ್ಲ.

“ಸೀಟಿ ಊದೇನ್ರಿ,” ಎಂದ ಅವನು. “ಊದಿದ ಮ್ಯಾಲ ಯಾರರೆ ಹೊಡೀಲೇಬೇಕ್ರಿ. ನೀವು ಹೊಡೀತೀರೇನು?”

“ನಾ ನೋಡಾಕ ಬಂದಾವ್ರಿ,” ಎಂದೆ. ಆ ಮಾತಿನಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು.

ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೆ ಪಾಪ ಎನಿಸಿರಬೇಕು. ಕಪ್ಪು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ನಡೆದಳು. “ನೀವು ನೋಡ್ರಿ. ನಾ ಹೊಡೀತೇನಿ.”

ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳ ಮೇಲೆ ಅಷ್ಟು ಪ್ರೀತಿ ಬಂದದ್ದು ಅವತ್ತೇ. ಖಾಲಿ ಗೋಲು, ಮುಂದೆ ಚೆಂಡು, ಹಿಂದೆ ನನ್ನ ಹೆಂಡತಿ. ನಾನು ಚಷ್ಮಾ ಒರೆಸಿ ಹಾಕಿಕೊಂಡು, ರೆಪ್ಪೆ ಬಡಿಯಬಾರದೆಂದು ನಿಂತೆ. ಅವಳು ಓಡಿ ಬಂದಳು.

ಮೈದಾನ ಖಾಲಿಯಾದದ್ದನ್ನು ಕಂಡು ಅಧ್ಯಕ್ಷರು ಆಟ ಮುಗಿಯಿತೆಂದು ತಿಳಿದಿದ್ದರು. “ಬರ್ರಿ, ಸನ್ಮಾನ ಉಳೀಬಾರ್ದು,” ಎಂದು ಹಿಂದಿನಿಂದ ಬಂದು ರುಮಾಲನ್ನು ನನ್ನ ತಲೆಗೆ ಇಟ್ಟರು. ಅದನ್ನು ಅವರ ತಲೆಯ ಅಳತೆಗೆ ಸುತ್ತಿದ್ದರು. ಅದು ನನ್ನ ಮೂಗಿನವರೆಗೆ ಇಳಿಯಿತು.

ಒಳಗೆ ಕತ್ತಲೆ. ಧಪ್ ಎಂದು ಸದ್ದು ಕೇಳಿಸಿತು. ಸೀಟಿ ಕೇಳಿಸಿತು. “ಗೋಲ್ ರೀ ಅಕ್ಕಾರ!” ಎಂದು ರೆಫರಿ ಕೂಗಿದ.

ರುಮಾಲು ಎತ್ತಿದಾಗ ಚೆಂಡು ಬಲೆಯೊಳಗೆ ಇತ್ತು. ಹೆಂಡತಿ ಏದುಸಿರು ಬಿಡುತ್ತ ನನ್ನ ಕಡೆ ಬರುತ್ತಿದ್ದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು.

“ನೋಡಿದ್ರಿ?”

“ನೋಡ್ದೆ,” ಎಂದೆ. “ಏನ್ ಹೊಡದಿ!”

ಅವಳು ರುಮಾಲು ನೋಡಿದಳು, ಅದರ ಅಳತೆ ನೋಡಿದಳು. “ಯಾವ ಕಾಲಿಲೆ ಹೊಡದೆ?”

ನಾನು ಅವಳ ಕಾಲು ನೋಡಿದೆ. ಎರಡಕ್ಕೂ ಅಷ್ಟಷ್ಟೇ ಧೂಳು ಹತ್ತಿತ್ತು.

“ಬಲಗಾಲಿಲೆ,” ಎಂದೆ.

ಅವಳು ಚಪ್ಪಲಿ ಮೆಟ್ಟಿಕೊಂಡು, ಬೈಕಿನ ಹಿಂದೆ ಕುಳಿತು, ಫೋನು ತೆಗೆದಳು.

“ಅಕ್ಕಾ, ಇನ್ನ ಮ್ಯಾಲ ಇವ್ರೂ ಬರ್ತಾರ.”